ಮೊದಲ ಡಿಎಸ್‌ಎಲ್‌ಆರ್ ಮತ್ತು ಲೆನ್ಸ್: ಯಕ್ಷಗಾನದ ರಂಗಸ್ಥಳವನ್ನು ಎದುರಿಗಿಟ್ಟುಕೊಂಡು ಒಂದು ಅಧ್ಯಯನ ಟಿಪ್ಪಣಿ

ಮೊದಲ ಕ್ಯಾಮೆರಾ ಕೊಳ್ಳಲು ಹೊರಟವರು ಹೆಚ್ಚಾಗಿ ಕೇಳುವುದು ಯಾವ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಒಳ್ಳೆಯದು ಎಂದು. ಪ್ರವೇಶಮಟ್ಟದ ಡಿಎಸ್‌ಎಲ್‌ಆರ್‌ಗಳಲ್ಲಿ, ಅಂದರೆ ಒಳಗೆ ಕನ್ನಡಿಯಿದ್ದು ಲೆನ್ಸ್ ಬದಲಿಸಬಹುದಾದ ಕ್ಯಾಮೆರಾಗಳಲ್ಲಿ, ಈ ಪ್ರಶ್ನೆಗೆ ಉತ್ತರ ಸಿಕ್ಕಿದರೂ ಅದರಿಂದ ಆಗುವ ಉಪಕಾರ ಕಡಿಮೆ. 2018ರಲ್ಲಿ ಬಂದ ನಿಕಾನ್ ಡಿ3500 ಮತ್ತು ಅದೇ ವರ್ಷ ಬಂದ ಕ್ಯಾನನ್ ಇಒಎಸ್ 1500ಡಿ ಎರಡರಲ್ಲೂ ಸುಮಾರು 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಸೆನ್ಸರ್ (ಚಿತ್ರ ಮೂಡುವ ಫಲಕ; ಫಿಲ್ಮಿನ ಚೌಕಟ್ಟಿಗಿಂತ ಚಿಕ್ಕದು) ಇದ್ದು, ಹಗಲಿನ ಬೆಳಕಿನಲ್ಲಿ ತೆಗೆದ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಯಾವುದು ಯಾವ ಕ್ಯಾಮೆರಾದ್ದೆಂದು ಗುರುತಿಸುವುದು ಪಳಗಿದವರಿಗೂ ಸುಲಭವಲ್ಲ. ಆದ್ದರಿಂದ ಈ ಟಿಪ್ಪಣಿಯಲ್ಲಿ ಕ್ರಮವನ್ನು ತಿರುಗಿಸಿದ್ದೇನೆ: ಏನನ್ನು, ಎಷ್ಟು ದೂರದಿಂದ, ಎಂತಹ ಬೆಳಕಿನಲ್ಲಿ ತೆಗೆಯಬೇಕಾಗಿದೆ ಎಂಬುದನ್ನು ಮೊದಲು ನಿಶ್ಚಯಿಸಿ, ಅದಕ್ಕೆ ತಕ್ಕ ಲೆನ್ಸನ್ನು ಆರಿಸಿ, ಆ ಲೆನ್ಸ್ ಯಾವ ಬಾಡಿಯಲ್ಲಿ ಪೂರ್ಣವಾಗಿ ಕೆಲಸ ಮಾಡುತ್ತದೆ ಎಂಬುದನ್ನು ಕೊನೆಯಲ್ಲಿ ನೋಡುವುದು. ಉದಾಹರಣೆಗೆ ರಾತ್ರಿ ನಡೆಯುವ ಯಕ್ಷಗಾನ ಪ್ರದರ್ಶನವನ್ನು ತೆಗೆದುಕೊಂಡಿದ್ದೇನೆ, ಏಕೆಂದರೆ ಕಡಿಮೆ ಬೆಳಕು, ವೇಗದ ಚಲನೆ, ನಮ್ಮಿಷ್ಟದಂತೆ ಹಿಂದೆ ಮುಂದೆ ಸರಿಯಲಾಗದ ಜಾಗ, ಈ ಮೂರೂ ತೊಂದರೆಗಳು ಅಲ್ಲಿ ಒಟ್ಟಿಗೆ ಎದುರಾಗುತ್ತವೆ.

ದೂರದ ಲೆಕ್ಕ

ಚೌಕಟ್ಟಿನೊಳಗೆ ಎಷ್ಟು ಹಿಡಿಸುತ್ತದೆ ಎಂಬುದನ್ನು ಊಹೆಗೆ ಬಿಡಬೇಕಾಗಿಲ್ಲ. ಸೆನ್ಸರಿನ ಅಗಲವನ್ನು ವಸ್ತುವಿನ ದೂರದಿಂದ ಗುಣಿಸಿ, ಬಂದದ್ದನ್ನು ಲೆನ್ಸಿನ ಫೋಕಲ್ ಲೆಂತ್‌ನಿಂದ (ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಹೇಳುವ ಸಂಖ್ಯೆ) ಭಾಗಿಸಿದರೆ ಆ ದೂರದಲ್ಲಿ ಚೌಕಟ್ಟು ಆವರಿಸುವ ಅಗಲ ಸಿಗುತ್ತದೆ. ನಿಕಾನ್‌ನ ಡಿಎಕ್ಸ್ ಸೆನ್ಸರ್ (ಎಪಿಎಸ್-ಸಿಗೆ ನಿಕಾನ್ ಇಟ್ಟ ಹೆಸರು) ಸುಮಾರು 23.5 ಮಿ.ಮೀ. ಅಗಲವಿದೆ, ಕ್ಯಾನನ್‌ನದು 22.3 ಮಿ.ಮೀ. ರಂಗಸ್ಥಳದಿಂದ 4 ಮೀಟರ್ ದೂರದಲ್ಲಿ ಬದಿಗೆ ಕುಳಿತಿದ್ದೀರಿ, ಎದುರಿಗೆ ಕಿರೀಟವೂ ಸೇರಿ ಸುಮಾರು 2 ಮೀಟರ್ ಎತ್ತರದ ವೇಷ ನಿಂತಿದೆ ಎಂದುಕೊಳ್ಳಿ. ಕ್ಯಾಮೆರಾವನ್ನು ನೆಟ್ಟಗೆ ತಿರುಗಿಸಿ ಹಿಡಿದರೂ 50 ಮಿ.ಮೀ. ಲೆನ್ಸಿನಲ್ಲಿ ಆವರಿಸುವ ಎತ್ತರ 1.88 ಮೀಟರ್ ಮಾತ್ರ, ಅಂದರೆ ಕಿರೀಟದ ತುದಿಯೋ ಗೆಜ್ಜೆಯೋ ಕತ್ತರಿಸಿಹೋಗುತ್ತದೆ. 35 ಮಿ.ಮೀ. ಲೆನ್ಸಿನಲ್ಲಿ ಅದೇ ಜಾಗದಿಂದ 2.69 ಮೀಟರ್ ಸಿಗುತ್ತದೆ; ಇಡೀ ವೇಷ ಹಿಡಿಸಿ, ಕೈಯೆತ್ತಿದರೂ ಸ್ವಲ್ಪ ಜಾಗ ಉಳಿಯುತ್ತದೆ.

ಹೊಸಬರಿಗೆ ಎಲ್ಲರೂ ಶಿಫಾರಸು ಮಾಡುವ 50 ಮಿ.ಮೀ. ಲೆನ್ಸಿನ ಬಗ್ಗೆ ನನಗಿರುವ ಆಕ್ಷೇಪ ಇದೇ. 36 ಮಿ.ಮೀ. ಅಗಲದ ಫಿಲ್ಮಿನ ಕಾಲದಲ್ಲಿ ಅದು ಎಲ್ಲಕ್ಕೂ ಒದಗುತ್ತಿದ್ದ ಲೆನ್ಸ್ ಆಗಿತ್ತು. ಚಿಕ್ಕ ಸೆನ್ಸರಿನ ಮುಂದೆ ಕೂರಿಸಿದಾಗ ಅದು ನಿಕಾನ್‌ನಲ್ಲಿ 75 ಮಿ.ಮೀ., ಕ್ಯಾನನ್‌ನಲ್ಲಿ 80 ಮಿ.ಮೀ. ಲೆನ್ಸಿನಷ್ಟು ಕಿರಿದಾದ ನೋಟವನ್ನು ಕೊಡುತ್ತದೆ. ಮುಖದ ಬಣ್ಣಗಾರಿಕೆಯನ್ನು ಹತ್ತಿರದಿಂದ ತೋರಿಸಲು ಅದು ಬಹಳ ಚೆನ್ನಾಗಿದೆ, ಆದರೆ ಮನೆಯ ಕೋಣೆಯಲ್ಲಿ 3 ಮೀಟರ್ ಹಿಂದೆ ಸರಿದು ನಿಂತರೂ ಒಂದೂವರೆ ಮೀಟರಿಗಿಂತ ಕಡಿಮೆ ಅಗಲವೇ ಹಿಡಿಸುವುದರಿಂದ ನಾಲ್ಕು ಜನರ ಗುಂಪು ಅದರಲ್ಲಿ ಕೂರುವುದಿಲ್ಲ.

ಬೆಳಕಿನ ಲೆಕ್ಕ

ಕ್ಯಾಮೆರಾದ ಜೊತೆಗೆ ಬರುವ 18-55 ಮಿ.ಮೀ. ಕಿಟ್ ಲೆನ್ಸ್ ಹಗಲಿಗೆ ಸಾಕಷ್ಟು ಒಳ್ಳೆಯದು. ಅದನ್ನು ಹೀಗಳೆಯುವ ರೂಢಿಗೆ ನನ್ನ ಸಮ್ಮತಿಯಿಲ್ಲ. ಅದರ ಮಿತಿ ಕಾಣುವುದು ರಾತ್ರಿಯಲ್ಲಿ. 18 ಮಿ.ಮೀ.ನಲ್ಲಿ ಅದರ ಅಪರ್ಚರ್, ಅಂದರೆ ಬೆಳಕು ಒಳಬರುವ ರಂಧ್ರ, ಎಫ್/3.5ರವರೆಗೆ ತೆರೆಯುತ್ತದೆ (ಎಫ್-ಸಂಖ್ಯೆ ಚಿಕ್ಕದಾದಷ್ಟೂ ರಂಧ್ರ ದೊಡ್ಡದು), 35ರ ಹತ್ತಿರ ಸುಮಾರು ಎಫ್/4.5ಕ್ಕೆ ಇಳಿಯುತ್ತದೆ, 55ಕ್ಕೆ ಬರುವಷ್ಟರಲ್ಲಿ ಎಫ್/5.6 ಆಗುತ್ತದೆ. ನಿಕಾನ್ 2009ರಲ್ಲಿ ತಂದ ಎಎಫ್-ಎಸ್ ಡಿಎಕ್ಸ್ 35 ಮಿ.ಮೀ. ಎಫ್/1.8ಜಿ ಲೆನ್ಸನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಒಳಬರುವ ಬೆಳಕು ಎಫ್-ಸಂಖ್ಯೆಯ ವರ್ಗಕ್ಕೆ ವಿಲೋಮವಾಗಿರುವುದರಿಂದ, 4.5ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ 6.25 ಬರುತ್ತದೆ. ಅಂದರೆ ಆರು ಪಟ್ಟಿಗೂ ಹೆಚ್ಚು ಬೆಳಕು.

ರಂಗಸ್ಥಳದಲ್ಲಿ ಇದರ ಪರಿಣಾಮ ಹೀಗಿರುತ್ತದೆ. ಐಎಸ್‌ಒ (ಬೆಳಕಿಗೆ ಸೆನ್ಸರ್ ಸ್ಪಂದಿಸುವ ಮಟ್ಟ) 3200ರಲ್ಲಿ ಕಿಟ್ ಲೆನ್ಸ್ ಶಟರ್ ತೆರೆದಿರಲು 1/40 ಸೆಕೆಂಡ್ ಕೇಳುವ ಬೆಳಕಿನಲ್ಲಿ ಎಫ್/1.8 ಲೆನ್ಸ್ 1/250 ಸೆಕೆಂಡಿನಲ್ಲಿ ಮುಗಿಸುತ್ತದೆ. ಧಿಗಿಣ (ಹಾರಿ ಗಿರಕಿ ಹೊಡೆಯುವ ಕುಣಿತ) ಹೊಡೆಯುತ್ತಿರುವ ವೇಷ 1/40ರಲ್ಲಿ ಬಣ್ಣದ ಗೀಟುಗಳಾಗಿ ಮಾತ್ರ ಉಳಿಯುತ್ತದೆ. 1/250ರಲ್ಲಿ ಸೆರಗಿನ ಅಂಚು ಅಲುಗಿದಂತೆ ಕಂಡರೂ ಮುಖ ನಿಲ್ಲುತ್ತದೆ. ಕಿಟ್ ಲೆನ್ಸಿನಲ್ಲೇ 1/250 ಬೇಕೆಂದರೆ ಐಎಸ್‌ಒವನ್ನು 20000ಕ್ಕೆ ಏರಿಸಬೇಕು. ಡಿ3500ರಲ್ಲಿ ಐಎಸ್‌ಒ 25600ರವರೆಗೆ ಇರುವುದರಿಂದ ಏರಿಸಲು ಸಾಧ್ಯ, ಆದರೆ ಚಿತ್ರದ ತುಂಬ ಕಾಳುಕಾಳಾಗಿ ಕಾಣುತ್ತದೆ. 1500ಡಿಯ ಸಾಮಾನ್ಯ ಮಿತಿ 6400, ವಿಸ್ತರಿಸಿದರೆ 12800. ಅಲ್ಲಿ ಆ ದಾರಿಯೇ ಇಲ್ಲ. ಲೆನ್ಸಿನ ಕಂಪನ ನಿವಾರಣೆ, ಅಂದರೆ ನಿಕಾನ್‌ನ ವಿಆರ್ ಅಥವಾ ಕ್ಯಾನನ್‌ನ ಐಎಸ್, ಇಲ್ಲಿ ನೆರವಿಗೆ ಬರುವುದಿಲ್ಲ ಎಂಬುದನ್ನು ಗಮನಿಸಬೇಕು. ಅದು ಹಿಡಿದವರ ಕೈ ನಡುಗುವುದನ್ನು ಸರಿಪಡಿಸುತ್ತದೆ, ಕುಣಿಯುವವರ ಚಲನೆಯನ್ನಲ್ಲ.

ಅಪರ್ಚರ್ ಪೂರ್ತಿ ತೆರೆದಾಗ ಸ್ಪಷ್ಟವಾಗಿ ಮೂಡುವ ಆಳ ಕುಗ್ಗುತ್ತದೆ. 35 ಮಿ.ಮೀ. ಲೆನ್ಸನ್ನು ಎಫ್/1.8ರಲ್ಲಿಟ್ಟರೆ 4 ಮೀಟರ್ ದೂರದಲ್ಲಿ ಆ ಆಳ ಸುಮಾರು 90 ಸೆಂ.ಮೀ. ಇರುತ್ತದೆ, ವೇಷಕ್ಕೆ ಇದು ಸಾಕು. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿರುವ ಕಲಾವಿದರನ್ನು 2 ಮೀಟರಿನಿಂದ ತೆಗೆದರೆ ಅದು 25 ಸೆಂ.ಮೀ.ಗಿಂತ ಕಡಿಮೆಯಾಗುತ್ತದೆ, ಕಣ್ಣಿನ ಮೇಲೆ ಫೋಕಸ್ ಇಟ್ಟರೆ ಮುಂದೆ ಚಾಚಿದ ಕೈಯಲ್ಲಿರುವ ಕನ್ನಡಿ ಮಸುಕಾಗುವುದು ಖಚಿತ. ಡಿ3500ರ 11 ಫೋಕಸ್ ಬಿಂದುಗಳಲ್ಲಿಯೂ 1500ಡಿಯ 9 ಬಿಂದುಗಳಲ್ಲಿಯೂ ನಡುವಿನ ಒಂದು ಮಾತ್ರ ಅಡ್ಡ ಉದ್ದ ಎರಡೂ ಗೆರೆಗಳನ್ನು ಗ್ರಹಿಸುವ ಬಗೆಯದು. ಕತ್ತಲಲ್ಲಿ ನಂಬಬಹುದಾದದ್ದು ಅದನ್ನೇ.

ಒಂದು ಮಾತು ಬದಿಗೆ: ಅಗ್ಗದ ಎಲ್‌ಇಡಿ ದೀಪಗಳು 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಬಾರಿ ಮಿನುಗಬಹುದು. ಹಾಗಿದ್ದಲ್ಲಿ ವೇಗದ ಶಟರಿನಲ್ಲಿ ಒಂದು ಚಿತ್ರ ಬೆಳ್ಳಗೆ, ಮುಂದಿನದು ಕಪ್ಪಗೆ ಬರುತ್ತದೆ. ಆಗ 1/100ಕ್ಕೆ ಇಳಿದು, ವೇಷ ಒಂದು ಕ್ಷಣ ಸ್ಥಿರವಾಗಿ ನಿಲ್ಲುವ ಭಂಗಿಗಾಗಿ ಕಾಯುವುದೇ ಉಪಾಯ.

ಲೆನ್ಸಿನ ಮೇಲಿನ ಅಕ್ಷರಗಳು

ಅಂಗಡಿಯಲ್ಲಾಗಲಿ ಹಳೆಯ ಸಾಮಾನು ಮಾರುವವರಲ್ಲಾಗಲಿ ಹಣ ಕಳೆದುಕೊಳ್ಳುವ ಸಂದರ್ಭ ಹೆಚ್ಚಾಗಿ ಬರುವುದು ಇಲ್ಲಿ. ನಿಕಾನ್ ಕಿಟ್ ಲೆನ್ಸಿನ ಮೇಲೆ ಹೀಗೆ ಅಚ್ಚಾಗಿರುತ್ತದೆ: ಎಎಫ್-ಪಿ ಡಿಎಕ್ಸ್ ನಿಕ್ಕೋರ್ 18-55 1:3.5-5.6ಜಿ ವಿಆರ್. ಡಿಎಕ್ಸ್ ಎಂದರೆ ಚಿಕ್ಕ ಸೆನ್ಸರಿಗಾಗಿ ಮಾಡಿದ್ದು, ಜಿ ಎಂದರೆ ಅಪರ್ಚರ್ ತಿರುಗಿಸುವ ಬಳೆ ಇಲ್ಲದ್ದು. ಕೊನೆಯಲ್ಲಿ ವಿಆರ್ ಇಲ್ಲದ ಅವತರಣಿಕೆಯೂ ಇದೆ. ನೋಡಲು ಹೆಚ್ಚುಕಡಿಮೆ ಒಂದೇ ರೀತಿ ಇರುವುದರಿಂದ ಆ ಎರಡು ಅಕ್ಷರಗಳನ್ನು ಕಣ್ಣಾರೆ ನೋಡಿಯೇ ಹಣ ಕೊಡಬೇಕು.

ಮುಖ್ಯವಾದವು ಮೊದಲ ಅಕ್ಷರಗಳು. ಡಿ3500, ಡಿ5600 ಮೊದಲಾದ ಬಾಡಿಗಳ ಒಳಗೆ ಫೋಕಸ್ ತಿರುಗಿಸುವ ಮೋಟಾರ್ ಇಲ್ಲ. ಅದು ಲೆನ್ಸಿನೊಳಗೇ ಇರಬೇಕು. ಎಎಫ್-ಎಸ್ ಮತ್ತು ಎಎಫ್-ಪಿ ಲೆನ್ಸ್‌ಗಳಲ್ಲಿ ಮೋಟಾರ್ ಇದೆ. ಬರೀ ಎಎಫ್ ಎಂದಿರುವ ಹಳೆಯ 50 ಮಿ.ಮೀ. ಎಫ್/1.8ಡಿ ಅಗ್ಗವಾಗಿ ಸಿಗುತ್ತದೆ, ಗಾಜೂ ಒಳ್ಳೆಯದು, ಆದರೆ ಈ ಬಾಡಿಗಳಲ್ಲಿ ಅದನ್ನು ಕೈಯಿಂದಲೇ ಫೋಕಸ್ ಮಾಡಬೇಕು. ತಿರುಗುಮುರುಗಾದ ತೊಂದರೆಯೂ ಉಂಟು. ಎಎಫ್-ಪಿ ಲೆನ್ಸನ್ನು ಹಳೆಯ ಡಿ3100 ಅಥವಾ ಡಿ5100ಕ್ಕೆ ಹಾಕಿದರೆ ಸ್ವಯಂ ಫೋಕಸ್ ಆಗುವುದಿಲ್ಲ. ಅದರ ಫೋಕಸ್ ಬಳೆ ವಿದ್ಯುತ್ ಸಂಕೇತದ ಮೂಲಕವೇ ಕೆಲಸ ಮಾಡುವುದರಿಂದ ಕೈಯಿಂದ ತಿರುಗಿಸಿದರೂ ಪ್ರಯೋಜನವಿಲ್ಲ. ಅಣ್ಣನ ಹಳೆಯ ಬಾಡಿಗೆ ಹೊಸ ಕಿಟ್ ಲೆನ್ಸ್ ಕೊಳ್ಳುವ ಆಲೋಚನೆ ಇರುವವರು ಇದನ್ನು ನೆನಪಿಡಬೇಕು.

ಕ್ಯಾನನ್‌ನಲ್ಲಿ ಈ ಗೋಜಲಿಲ್ಲ. 1987ರಲ್ಲಿ ಇಎಫ್ ಮೌಂಟ್ (ಬಾಡಿಗೆ ಲೆನ್ಸ್ ಕೂರಿಸುವ ಜೋಡಣೆ) ಆರಂಭವಾದಾಗಿನಿಂದ ಮೋಟಾರ್ ಲೆನ್ಸಿನೊಳಗೇ ಇರುವುದರಿಂದ, ಇಎಫ್ ಆಟೋಫೋಕಸ್ ಲೆನ್ಸ್‌ಗಳು ಎಷ್ಟೇ ಹಳೆಯವಾದರೂ 1500ಡಿಯಲ್ಲಿ ಫೋಕಸ್ ಆಗುತ್ತವೆ. ಆದರೆ ನಿಕಾನ್‌ನ 35 ಮಿ.ಮೀ. ಎಫ್/1.8ಕ್ಕೆ ಸರಿಸಾಟಿಯಾದ ಅಗ್ಗದ ಲೆನ್ಸ್ ಕ್ಯಾನನ್‌ನ ಈ ಸಾಲಿನಲ್ಲಿಲ್ಲ. 50 ಮಿ.ಮೀ. ಎಫ್/1.8 ಎಸ್‌ಟಿಎಂ ಅಗ್ಗವಾಗಿದ್ದರೂ ನೋಟ ಕಿರಿದು, 24 ಮಿ.ಮೀ. ಎಫ್/2.8 ಎಸ್‌ಟಿಎಂ ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕದು, ಆದರೆ ಎಫ್/1.8ರ ಅರ್ಧಕ್ಕಿಂತ ಕಡಿಮೆ ಬೆಳಕು ಕೊಡುತ್ತದೆ. ಆದ್ದರಿಂದ ರಂಗಸ್ಥಳಕ್ಕಾಗಿ ನನ್ನ ಆಯ್ಕೆ ಡಿ3500 ಮತ್ತು 35 ಮಿ.ಮೀ. ಲೆನ್ಸ್. ಸೆಕೆಂಡಿಗೆ 5 ಚಿತ್ರಗಳ ವೇಗ, ತಯಾರಕರ ಪರೀಕ್ಷೆಯಂತೆ ಒಮ್ಮೆ ಚಾರ್ಜ್ ಮಾಡಿದರೆ 1550 ಚಿತ್ರಗಳವರೆಗೆ ಬರುವ ಬ್ಯಾಟರಿ, ಇವು ಇಡೀ ರಾತ್ರಿಯ ಆಟಕ್ಕೆ ಒದಗುವ ಹೆಚ್ಚಿನ ಅನುಕೂಲಗಳು. 1500ಡಿಯಲ್ಲಿ ವೇಗ 3, ಚಿತ್ರಗಳು ಸುಮಾರು 500. ವಿಡಿಯೊ ಮುಖ್ಯವಾದವರಿಗೆ ಎರಡನ್ನೂ ನಾನು ಹೇಳುವುದಿಲ್ಲ, ಏಕೆಂದರೆ ಎರಡರಲ್ಲೂ ಹೊರಗಿನ ಮೈಕ್ ಸಿಕ್ಕಿಸುವ ಜಾಗವಿಲ್ಲ.

ಹಕ್ಕಿಗಳು

ವಿಷಯ ಬದಲಾದರೆ ಉತ್ತರವೂ ಬದಲಾಗುತ್ತದೆ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿನಲ್ಲಿ ದೋಣಿ ಗೂಡುಗಳ ಸಮೀಪಕ್ಕೇ ಹೋಗುವುದರಿಂದ ಕ್ಯಾನನ್‌ನ 55-250 ಐಎಸ್ ಎಸ್‌ಟಿಎಂ ಆಗಲಿ ನಿಕಾನ್‌ನ ಎಎಫ್-ಪಿ 70-300 ವಿಆರ್ ಆಗಲಿ ಬಣ್ಣದ ಕೊಕ್ಕರೆಗಳಿಗೆ ಸಾಕಾಗುತ್ತವೆ. ಹಗಲು ಬೆಳಕಿರುವುದರಿಂದ ಅಪರ್ಚರಿನ ಚಿಂತೆ ಕಡಿಮೆ. ಅಲುಗುವ ದೋಣಿಯಲ್ಲಿ ಶಟರ್ ವೇಗವನ್ನು 1/1000ದ ಆಸುಪಾಸಿನಲ್ಲಿಟ್ಟುಕೊಂಡರೆ ಆಯಿತು. ಇಲ್ಲಿ ಎರಡು ಕಂಪನಿಗಳ ನಡುವೆ ಆರಿಸಲು ದೊಡ್ಡ ಕಾರಣವಿಲ್ಲ, ಬೆಲೆ ನೋಡಿ ನಿರ್ಧರಿಸಬಹುದು.

ಬಳಸಿದ್ದನ್ನು ಕೊಳ್ಳುವಾಗ

ಎರಡೂ ಕಂಪನಿಗಳು 2018ರಿಂದ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಗಳ ಕಡೆಗೆ ಹೊರಳಿದ್ದು, ಡಿ3500ರ ತಯಾರಿಕೆ ನಿಂತಿರುವುದರಿಂದ ಇಂದು ಇದನ್ನು ಕೊಳ್ಳುವವರು ಹೆಚ್ಚಾಗಿ ಬಳಸಿದ್ದನ್ನೇ ಕೊಳ್ಳಬೇಕಾಗುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲ ಕಂಡ ಲೆನ್ಸಾದರೆ ಬೂಸನ್ನು ಹುಡುಕಬೇಕು. ಎರಡೂ ಮುಚ್ಚಳ ತೆಗೆದು, ನಿಕಾನ್ ಲೆನ್ಸಾದರೆ ಹಿಂಬದಿಯ ಸಣ್ಣ ಸನ್ನೆಯನ್ನು (ಲಿವರ್) ಬೆರಳಿನಿಂದ ಸರಿಸಿ ಅಪರ್ಚರನ್ನು ತೆರೆದು, ಫೋನಿನ ಟಾರ್ಚನ್ನು ಒಂದು ಬದಿಯಿಂದ ಓರೆಯಾಗಿ ಹಾಯಿಸಿ ಇನ್ನೊಂದು ಬದಿಯಿಂದ ನೋಡಿದರೆ, ಬೂಸು ಕವಲೊಡೆದ ಬಿಳಿ ಎಳೆಗಳಂತೆ ಗಾಜಿನ ಅಂಚಿನಿಂದ ಒಳಮುಖವಾಗಿ ಹರಡಿರುವುದು ಕಾಣುತ್ತದೆ. ಬಿಡಿಬಿಡಿ ಧೂಳಿನ ಕಣಗಳಿಗೆ ಹೆದರಬೇಕಾಗಿಲ್ಲ, ಎಳೆಗಳಿದ್ದರೆ ಎಷ್ಟೇ ಅಗ್ಗವಾದರೂ ಬಿಡುವುದು ಲೇಸು. ಬಾಡಿಯನ್ನು ಎಫ್/16ರಲ್ಲಿಟ್ಟು ಬಿಳಿ ಗೋಡೆಯ ಚಿತ್ರ ತೆಗೆದರೆ ಸೆನ್ಸರಿನ ಮೇಲಿನ ಧೂಳು ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ನಿಕಾನ್ ಆದರೆ ಶಟರ್ ಎಷ್ಟು ಬಾರಿ ಬಿದ್ದಿದೆ ಎಂಬ ಸಂಖ್ಯೆ ಚಿತ್ರದ ಕಡತದೊಳಗೇ ದಾಖಲಾಗಿರುತ್ತದೆ. ಮಾರುವವರಿಂದ ಅಂದೇ ತೆಗೆದ ಒಂದು ಮೂಲ ಚಿತ್ರವನ್ನು ಕೇಳಿ ಪಡೆದರೆ ಅದನ್ನು ಓದಬಹುದು. ವಿದೇಶದಲ್ಲಿರುವ ಬಂಧುಗಳಿಂದ ತರಿಸುವವರು 1500ಡಿಗೆ ಯೂರೋಪಿನಲ್ಲಿ 2000ಡಿ ಎಂದೂ ಅಮೆರಿಕದಲ್ಲಿ ರೆಬೆಲ್ ಟಿ7 ಎಂದೂ ಹೆಸರಿರುವುದನ್ನು ತಿಳಿದಿರಬೇಕು, ವಾರಂಟಿ ಇಲ್ಲಿ ನಡೆಯುವುದೇ ಎಂದು ಮೊದಲೇ ವಿಚಾರಿಸಬೇಕು.

ಮುಂದೆ ಮಿರರ್‌ಲೆಸ್‌ಗೆ ಹೋಗುವ ಇರಾದೆ ಇದ್ದರೂ ಲೆನ್ಸಿಗೆ ಹಾಕಿದ ಹಣ ಪೂರ್ತಿ ವ್ಯರ್ಥವಾಗುವುದಿಲ್ಲ. ಕ್ಯಾನನ್‌ನ ಇಎಫ್, ಇಎಫ್-ಎಸ್ ಲೆನ್ಸ್‌ಗಳು ಅಡಾಪ್ಟರ್ ಮೂಲಕ ಅದರ ಆರ್ ಸರಣಿಯ ಬಾಡಿಗಳಲ್ಲಿ ಸ್ವಯಂ ಫೋಕಸ್ ಸಹಿತ ಕೆಲಸ ಮಾಡುತ್ತವೆ. ನಿಕಾನ್‌ನ ಎಫ್‌ಟಿಜೆಡ್ ಅಡಾಪ್ಟರಿನಲ್ಲಿ ಎಎಫ್-ಎಸ್, ಎಎಫ್-ಪಿ ಲೆನ್ಸ್‌ಗಳು ಫೋಕಸ್ ಆಗುತ್ತವೆ; ಮೋಟಾರಿಲ್ಲದ ಹಳೆಯ ಎಎಫ್ ಲೆನ್ಸ್‌ಗಳು ಅಲ್ಲಿಯೂ ಆಗುವುದಿಲ್ಲ.