ಪದ ಪರಿಚಯ: ಬೀಟಾ

ಪ್ಲೇ ಸ್ಟೋರ್‌ನಲ್ಲಿ ಕೆಲವು ಆ್ಯಪ್‌ಗಳ ಪುಟವನ್ನು ಕೆಳಗಿನವರೆಗೆ ಸರಿಸಿದರೆ ‘ಬೀಟಾಗೆ ಸೇರಿ’ ಎಂಬ ಆಹ್ವಾನ ಕಾಣುತ್ತದೆ. ಒತ್ತುವವರಲ್ಲಿ ಬಹಳ ಮಂದಿ ಅಂದುಕೊಳ್ಳುವುದು ಇಷ್ಟೇ: ಹೊಸದು ನಮಗೆ ಎಲ್ಲರಿಗಿಂತ ಮೊದಲು ಸಿಗುತ್ತದೆ. ಮಾತು ಅರ್ಧ ಮಾತ್ರ ಸರಿ. ತಯಾರಿಸಿದವರು ತಮ್ಮ ಕೈಲಾದಷ್ಟು ಪರೀಕ್ಷಿಸಿದ ಮೇಲೆ, ತಮ್ಮ ಕಣ್ಣಿಗೆ ಬೀಳದ ತಪ್ಪುಗಳು ಹೊರಬರಲಿ ಎಂದು ಹೊರಗಿನವರ ಕೈಗೆ ಕೊಡುವ ಆವೃತ್ತಿ ಬೀಟಾ. ಹೊಸದನ್ನು ಬೇಗ ನೋಡುವುದು ಅದರಲ್ಲಿ ಸಿಗುವ ಕೂಲಿ. ಕೆಲಸ ಬೇರೆಯೇ ಇದೆ: ತಪ್ಪು ಸಿಕ್ಕಾಗ ತಿಳಿಸುವುದು.

ಬೀಟಾ ಗ್ರೀಕ್ ವರ್ಣಮಾಲೆಯ ಎರಡನೆಯ ಅಕ್ಷರ. ಐಬಿಎಂನವರು ಹಿಂದೆ ತಮ್ಮ ಯಂತ್ರಗಳ ತಪಾಸಣೆಯಲ್ಲಿ ಇಟ್ಟುಕೊಂಡಿದ್ದ ‘ಎ’ ಮತ್ತು ‘ಬಿ’ ಹಂತಗಳಿಂದ ಈ ಬಳಕೆ ಹುಟ್ಟಿತು ಎನ್ನುತ್ತಾರೆ. ಈಗಿನ ರೂಢಿಯಲ್ಲಿ ಆಲ್ಫಾ ಮನೆಯೊಳಗಿನ ಪರೀಕ್ಷೆ. ಸವಲತ್ತುಗಳು ಇನ್ನೂ ಸೇರುತ್ತಿರುತ್ತವೆ, ಕೆಲವು ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ಬೀಟಾ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲವೂ ಒಳಗೆ ಬಂದಿರುತ್ತದೆ, ಗಟ್ಟಿಯಾಗಿರುವುದಿಲ್ಲ. ಆಮೇಲೆ ಬರುವ ರಿಲೀಸ್ ಕ್ಯಾಂಡಿಡೇಟ್, ಅಂದರೆ ಆರ್‌ಸಿ, ದೊಡ್ಡ ತಪ್ಪೇನೂ ಸಿಗದಿದ್ದರೆ ಹಾಗೆಯೇ ಬಿಡುಗಡೆಯಾಗುವ ಪ್ರತಿ. ಆವೃತ್ತಿ ಸಂಖ್ಯೆ ಓದುವಾಗ ಇದು ನೆನಪಿರಲಿ: ‘2.0.0-ಬೀಟಾ.3’ ಎಂದಿದ್ದರೆ ಅದು 2.0.0ಕ್ಕಿಂತ ಹಳೆಯದು. ಬಾಲ ಉದ್ದವಿದೆ ಎಂದು ಹೊಸದಾಗಲಿಲ್ಲ.

ಕನ್ನಡದಲ್ಲಿ ಕೆಲವರು ಇದನ್ನು ‘ಪ್ರಾಯೋಗಿಕ ಆವೃತ್ತಿ’ ಎಂದು ಬರೆಯುತ್ತಾರೆ. ಆದರೆ ಪ್ರಾಯೋಗಿಕ ಎಂದೊಡನೆ ನಮಗೆ ನೆನಪಾಗುವುದು ಪಿಯುಸಿಯ ಪ್ರಾಕ್ಟಿಕಲ್ ಪರೀಕ್ಷೆ. ‘ಪರೀಕ್ಷಾ ಆವೃತ್ತಿ’ ವಾಸಿ, ಆದರೆ ಆಲ್ಫಾಗೂ ಅದೇ ಹೆಸರು ಹೊಂದುತ್ತದೆ. ಬೀಟಾ ಎಂದೇ ಬಿಡುವುದು ಒಳ್ಳೆಯದು.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು ಎಂಬ ಮಾತಿದೆ. ಒಂದೇ ಪಾತ್ರೆ, ಒಂದೇ ಉರಿ, ಒಂದೇ ಅಕ್ಕಿ ಇದ್ದಾಗ ಅದು ನಿಜ. ಆ್ಯಪ್‌ನ ವಿಷಯದಲ್ಲಿ ಪ್ರತಿ ಫೋನೂ ಬೇರೆ ಪಾತ್ರೆ. ಒಬ್ಬರದು 4 ಜಿಬಿ ರ‍್ಯಾಮ್, ಇನ್ನೊಬ್ಬರದು 12. ಒಬ್ಬರು ಅಕ್ಷರದ ಗಾತ್ರವನ್ನು ಅತಿ ದೊಡ್ಡದಾಗಿಸಿದ್ದಾರೆ. ಮತ್ತೊಬ್ಬರ ಫೋನ್ ಬ್ಯಾಟರಿ ಉಳಿಸಲೆಂದು ಹಿನ್ನೆಲೆಯ ಆ್ಯಪ್‌ಗಳನ್ನೆಲ್ಲ ಕೊಲ್ಲುತ್ತದೆ. ಮಗದೊಬ್ಬರು ಕನ್ನಡ ಭಾಷೆ ಆರಿಸಿದ್ದಾರೆ, ಅಲ್ಲಿ ಗುಂಡಿಯ ಮೇಲಿನ ಪದ ಉದ್ದವಾಗಿ ತುಂಡಾಗಿದೆ. ಕಚೇರಿಯ ಇಪ್ಪತ್ತು ಫೋನ್‌ಗಳಲ್ಲಿ ಇವೆಲ್ಲ ಕಾಣುವುದಿಲ್ಲ. ಅದಕ್ಕೇ ಹೊರಗಿನವರು ಬೇಕು.

ಪದ ಸವೆದು ಹಿಗ್ಗಿದ್ದಕ್ಕೂ ಕಥೆಗಳಿವೆ. 2000ದ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ತನ್ನ ಮ್ಯಾಕ್ ಓಎಸ್ ಟೆನ್‌ನ ಸಾರ್ವಜನಿಕ ಬೀಟಾವನ್ನು 29.95 ಡಾಲರಿಗೆ ಮಾರಿತು. ತಪ್ಪು ಹುಡುಕಿಕೊಡುವವರೇ ದುಡ್ಡೂ ಕೊಟ್ಟರು, ಅದೂ 2001ರ ಮೇ ಹೊತ್ತಿಗೆ ಅವಧಿ ಮುಗಿಯುವ ಪ್ರತಿಗೆ. ಜಿಮೇಲ್ 2004ರ ಏಪ್ರಿಲ್ 1ರಂದು 1 ಜಿಬಿ ಜಾಗದೊಂದಿಗೆ ಬಂದಾಗ ಆಹ್ವಾನ ಇದ್ದವರಿಗೆ ಮಾತ್ರ ಪ್ರವೇಶವಿತ್ತು; ಅದರ ಲಾಂಛನದ ಕೆಳಗಿನ ‘ಬೀಟಾ’ ಅಳಿಸಿದ್ದು 2009ರ ಜುಲೈನಲ್ಲಿ. ಐದು ವರ್ಷಕ್ಕೂ ಮೀರಿ ಕೋಟ್ಯಂತರ ಜನ ಬಳಸಿದ ಅಂಚೆ ಸೇವೆಯನ್ನು ಬೀಟಾ ಎಂದರೆ ಆ ಪದಕ್ಕೆ ಉಳಿಯುವ ಅರ್ಥ ‘ಏನಾದರೂ ಆದರೆ ನಮ್ಮನ್ನು ಕೇಳಬೇಡಿ’ ಎಂಬುದಷ್ಟೇ. 2013ರಲ್ಲಿ ಕನ್ನಡಕದಂತೆ ತೊಡುವ ಸಾಧನವಾದ ಗೂಗಲ್ ಗ್ಲಾಸ್‌ನ ಎಕ್ಸ್‌ಪ್ಲೋರರ್ ಆವೃತ್ತಿಗೆ ಜನ 1,500 ಡಾಲರ್ ಕೊಟ್ಟರು. 2015ರ ಜನವರಿಯಲ್ಲಿ ಆ ಮಾರಾಟವೇ ನಿಂತಿತು. ಹೆಸರಿನಲ್ಲಿ ಬೀಟಾ ಇಲ್ಲದಿದ್ದರೂ ಅದು ಬೀಟಾವೇ.

ಹೀಗೆ ಮೊದಲೇ ನುಗ್ಗುವವರಿಗೆ ‘ಅರ್ಲಿ ಅಡಾಪ್ಟರ್’ ಎಂಬ ಹೆಸರಿದೆ. ಸಮಾಜಶಾಸ್ತ್ರಜ್ಞ ಎವರೆಟ್ ರೋಜರ್ಸ್ 1962ರಲ್ಲಿ ಹೊಸತು ಸಮಾಜದಲ್ಲಿ ಹರಡುವ ಬಗೆಯನ್ನು ವಿವರಿಸುತ್ತ ಜನರನ್ನು ಐದು ಗುಂಪು ಮಾಡಿದರು: ಮೊದಲ 2.5 ಶೇಕಡಾ ಹೊಸತಿನ ಸಾಹಸಿಗಳು, ನಂತರದ 13.5 ಶೇಕಡಾ ಅರ್ಲಿ ಅಡಾಪ್ಟರ್‌ಗಳು, ಆಮೇಲೆ 34, ಮತ್ತೆ 34, ಕೊನೆಗೆ 16. ಇವು ಯಾವುದೇ ಸಮೀಕ್ಷೆಯಿಂದ ಎಣಿಸಿದ ಅಂಕಿಗಳಲ್ಲ, ಗಂಟೆಯಾಕಾರದ ರೇಖೆಯನ್ನು ಕತ್ತರಿಸಿದ ಜಾಗಗಳು. ಕಟ್ಟುನಿಟ್ಟಾಗಿ ನೋಡಿದರೆ ಬೀಟಾ ಹಾಕಿಕೊಳ್ಳುವವರು ಮೊದಲ ಗುಂಪಿನವರು. ಅರ್ಲಿ ಅಡಾಪ್ಟರ್ ಎಂದರೆ ಬಿಡುಗಡೆಯಾದ ಮೊದಲ ತಿಂಗಳಲ್ಲೇ ಕೊಂಡು, ನೆರೆಹೊರೆಯವರಿಂದ ‘ಹೇಗಿದೆ?’ ಎಂದು ಕೇಳಿಸಿಕೊಳ್ಳುವವರು. ಈ ವಿಚಾರಕ್ಕೆ ತಳಹದಿಯಾದ ಅಧ್ಯಯನ ಕಂಪ್ಯೂಟರಿನದಲ್ಲ, ಜೋಳದ್ದು: ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮುಸುಕಿನ ಜೋಳವನ್ನು ರೈತರು ಒಪ್ಪಿದ ಬಗೆ ಕುರಿತು 1943ರಲ್ಲಿ ಪ್ರಕಟವಾದದ್ದು. ಅಲ್ಲಿನ ರೈತರು ಹೊಲವನ್ನೆಲ್ಲ ಒಮ್ಮೆಗೇ ಹೊಸ ಬೀಜಕ್ಕೆ ಒಪ್ಪಿಸಲಿಲ್ಲ, ಮೊದಲು ಸ್ವಲ್ಪ ಜಾಗಕ್ಕೆ ಹಾಕಿ ನೋಡಿದರು. ನಮ್ಮ ಕಡೆ ಹೊಸ ತಳಿಯ ಬೀಜ ತಂದವರು ಮೊದಲ ಮಳೆಗಾಲ ಒಂದು ಮಡಿಗೆ ಹಾಕುವುದೂ ಇದೇ ಲೆಕ್ಕ. ಬೀಟಾ ಬಳಕೆಯ ಶಿಸ್ತೆಲ್ಲ ಆ ಒಂದು ಮಡಿಯಲ್ಲಿದೆ.

ಮಡಿ ಯಾವುದು? ಎಲ್ಲಕ್ಕಿಂತ ಸುಲಭದ್ದು ಬ್ರೌಸರ್. ಕ್ರೋಮ್‌ಗೆ ಕೆನರಿ, ಡೆವ್, ಬೀಟಾ, ಸ್ಟೇಬಲ್ ಎಂಬ ನಾಲ್ಕು ಹರಿವುಗಳಿವೆ. ಆಂಡ್ರಾಯ್ಡ್‌ನಲ್ಲಿ ನಾಲ್ಕೂ ಬೇರೆ ಬೇರೆ ಆ್ಯಪ್‌ಗಳಾಗಿ ಅಕ್ಕಪಕ್ಕ ಕೂರುತ್ತವೆ. ಬೀಟಾ ಕೆಟ್ಟರೆ ಅದನ್ನು ತೆಗೆದರಾಯಿತು, ಸ್ಟೇಬಲ್‌ಗೆ ಏನೂ ಆಗದು. ಫೈರ್‌ಫಾಕ್ಸ್‌ನ ಬೀಟಾ ಮತ್ತು ನೈಟ್ಲಿಯೂ ಹೀಗೆಯೇ. ಪ್ಲೇ ಸ್ಟೋರ್‌ನಿಂದ ಸೇರುವ ಸಾಮಾನ್ಯ ಆ್ಯಪ್‌ನ ಬೀಟಾ ಹಾಗಲ್ಲ, ಅದು ಹಳೆಯದರ ಮೇಲೆಯೇ ಕೂರುತ್ತದೆ. ಐಫೋನ್‌ನಲ್ಲಿ ಆ್ಯಪಲ್‌ನದೇ ಪರೀಕ್ಷಾ ಆ್ಯಪ್ ಆದ ಟೆಸ್ಟ್‌ಫ್ಲೈಟ್ ಮೂಲಕ ಬರುವ ಪ್ರತಿಯೂ ಅಷ್ಟೇ. ಒಂದು ಆ್ಯಪ್‌ಗೆ ಹೊರಗಿನ ಪರೀಕ್ಷಕರು 10,000 ಮಂದಿ ಮಾತ್ರ, ಪ್ರತಿ ಬಿಲ್ಡ್‌ನ, ಅಂದರೆ ತಯಾರಕರು ಹಾಕುವ ಒಂದೊಂದು ಪ್ರತಿಯ, ಆಯಸ್ಸು 90 ದಿನ. ತಯಾರಕರು ಹೊಸ ಬಿಲ್ಡ್ ಹಾಕದಿದ್ದರೆ ತೊಂಬತ್ತೊಂದನೆಯ ದಿನ ಆ್ಯಪ್ ತೆರೆಯುವುದೇ ಇಲ್ಲ.

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ‘ನನ್ನ ಆ್ಯಪ್ ಹಾಕಿಕೊಳ್ಳಿ, ಎರಡು ವಾರ ತೆಗೆಯಬೇಡಿ’ ಎಂಬ ಬೇಡಿಕೆ ಬರುವುದಕ್ಕೂ ಕಾರಣವಿದೆ. 2023ರ ನವೆಂಬರ್ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆಗಳು ಪ್ಲೇ ಸ್ಟೋರ್‌ನಲ್ಲಿ ಬಿಡುಗಡೆಗೆ ಅರ್ಜಿ ಹಾಕುವ ಮೊದಲು ಮುಚ್ಚಿದ ಪರೀಕ್ಷೆ, ಅಂದರೆ ಆಯ್ದವರಿಗಷ್ಟೇ ಆ್ಯಪ್ ಕೊಟ್ಟು ಮಾಡುವ ಪರೀಕ್ಷೆ, ನಡೆಸಲೇಬೇಕು. ಮೊದಲು 20 ಜನ ಎಂದಿದ್ದದ್ದು ಈಗ 12 ಜನ, ಸತತ 14 ದಿನ. ನಡುವೆ ಒಬ್ಬರು ಹೊರನಡೆದು ಸಂಖ್ಯೆ 12ಕ್ಕಿಂತ ಕೆಳಗಿಳಿದರೆ ಆ್ಯಪ್ ಮಾಡಿದವರ ಎಣಿಕೆ ಕೆಡುತ್ತದೆ. ಒಪ್ಪಿಕೊಂಡರೆ 14 ದಿನ ಇಟ್ಟುಕೊಳ್ಳಿ.

ಇನ್ನು ಹೆಚ್ಚಿನವರು ಎಡವುವ ಜಾಗ: ಹಿಂದಕ್ಕೆ ಬರುವ ದಾರಿ. ಹೊಸ ಆವೃತ್ತಿ ಮೊದಲ ಸಲ ತೆರೆದಾಗ ನಿಮ್ಮ ಹಳೆಯ ದತ್ತಾಂಶವನ್ನು ತನ್ನ ಹೊಸ ಕ್ರಮಕ್ಕೆ ಜೋಡಿಸಿಕೊಳ್ಳಬಹುದು. ಹಳೆಯ ಆವೃತ್ತಿಗೆ ಆ ಹೊಸ ಕ್ರಮ ಓದಲು ಬರುವುದಿಲ್ಲ. ಹೊಸ ಫೈರ್‌ಫಾಕ್ಸ್ ಬಳಸಿದ ಪ್ರೊಫೈಲನ್ನು ಹಳೆಯ ಫೈರ್‌ಫಾಕ್ಸ್‌ನಲ್ಲಿ ತೆರೆಯಹೋದರೆ ಅದು ಬೇರೆ ಪ್ರೊಫೈಲ್ ಮಾಡಿಕೊಳ್ಳಿ ಎನ್ನುವುದು ಇದೇ ಕಾರಣಕ್ಕೆ. ಆಂಡ್ರಾಯ್ಡ್ ಸಾಮಾನ್ಯ ಬಳಕೆದಾರರಿಗೆ ದೊಡ್ಡ ಆವೃತ್ತಿ ಸಂಖ್ಯೆಯ ಮೇಲೆ ಚಿಕ್ಕದನ್ನು ಕೂರಿಸಲು ಬಿಡುವುದೂ ಇಲ್ಲ. ಆದ್ದರಿಂದ ಆ್ಯಪ್‌ನ ಬೀಟಾ ಬಿಡಬೇಕಾದರೆ ಅದೇ ಪುಟದಲ್ಲಿ ‘ಹೊರಬನ್ನಿ’ ಒತ್ತಿ, ಕೆಲವು ನಿಮಿಷ ಕಾದು, ಆ್ಯಪ್ ತೆಗೆದು, ಮತ್ತೆ ಹಾಕಿಕೊಳ್ಳಬೇಕು. ತೆಗೆದಾಗ ಫೋನ್‌ನಲ್ಲೇ ಇದ್ದ ದತ್ತಾಂಶ ಹೋಗುತ್ತದೆ. ಚಾಟ್, ಟಿಪ್ಪಣಿ, ಲೆಕ್ಕದ ಆ್ಯಪ್‌ಗಳಲ್ಲಿ ಬೀಟಾ ಸೇರುವ ಮುನ್ನವೇ ಬ್ಯಾಕಪ್ ಮಾಡಿ. ಬೀಟಾದೊಳಗೆ ಮಾಡಿದ ಬ್ಯಾಕಪ್ ಹಳೆಯ ಆವೃತ್ತಿಗೆ ಒಗ್ಗದಿರಬಹುದು.

ಫೋನ್‌ನ ಇಡೀ ವ್ಯವಸ್ಥೆಯ ಬೀಟಾ ಇನ್ನೂ ಬಿಗಿ. ಐಫೋನ್‌ನಲ್ಲಿ ಹಿಂದಕ್ಕೆ ಬರಲು ಕಂಪ್ಯೂಟರ್‌ಗೆ ಜೋಡಿಸಿ ರಿಸ್ಟೋರ್ ಮಾಡಬೇಕು, ಬೀಟಾದಲ್ಲಿ ಮಾಡಿದ ಬ್ಯಾಕಪ್ ಹಿಂದಿನ ಐಓಎಸ್‌ಗೆ ಬಾರದು. ಮೊದಲೇ ಮ್ಯಾಕ್‌ನಲ್ಲಿ ಬ್ಯಾಕಪ್ ತೆಗೆದು, ‘ಮ್ಯಾನೇಜ್ ಬ್ಯಾಕಪ್ಸ್’ ಒಳಗೆ ಅದರ ಮೇಲೆ ಬಲ ಕ್ಲಿಕ್ ಮಾಡಿ ‘ಆರ್ಕೈವ್’ ಕೊಟ್ಟಿಡಿ. ಇಲ್ಲದಿದ್ದರೆ ಮುಂದಿನ ಬ್ಯಾಕಪ್ ಅದರ ಮೇಲೆಯೇ ಬಂದು ಕೂರುತ್ತದೆ. ಗೂಗಲ್‌ನ ಪಿಕ್ಸೆಲ್ ಫೋನ್‌ಗಳಲ್ಲಿ ನಡುವೆ ಹೊರಬಂದರೆ 24 ಗಂಟೆಯೊಳಗೆ ಒಂದು ಅಪ್‌ಡೇಟ್ ಬರುತ್ತದೆ. ಅದು ಅಪ್‌ಡೇಟ್ ವೇಷದ ಡೌನ್‌ಗ್ರೇಡ್, ಅಂದರೆ ಹಳೆಯ ಆವೃತ್ತಿಗೆ ಇಳಿಸುವಂಥದು. ಹಾಕಿಕೊಂಡರೆ ಫೋನ್ ಪೂರ್ತಿ ಅಳಿಯುತ್ತದೆ. ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳು ಬೀಟಾ ವ್ಯವಸ್ಥೆಯ ಮೇಲೆ ತೆರೆಯದೆ ಹೋಗುವುದು ಅಪರೂಪವಲ್ಲ. ಕೈಯಲ್ಲಿರುವುದು ಒಂದೇ ಫೋನ್ ಆದರೆ, ತರಕಾರಿ ಅಂಗಡಿಯ ಮುಂದೆ ಕ್ಯೂಆರ್ ಹಿಡಿದು ನಿಲ್ಲುವ ಗಳಿಗೆಯನ್ನು ನೆನೆದು ತೀರ್ಮಾನಿಸಿ.

ರೂಟರ್, ಇಯರ್‌ಬಡ್, ವಾಚ್‌ಗಳ ಬೀಟಾ ಫರ್ಮ್‌ವೇರ್‌ಗೆ, ಅಂದರೆ ಸಾಧನದೊಳಗೇ ಬರೆದಿಡುವ ತಂತ್ರಾಂಶಕ್ಕೆ, ಎಷ್ಟೋ ಸಲ ಹಿಂದಕ್ಕೆ ಬರುವ ದಾರಿಯೇ ಇರುವುದಿಲ್ಲ. ಬರೆಯುವಾಗ ಕರೆಂಟ್ ಹೋದರೆ ಸಾಧನ ‘ಬ್ರಿಕ್’, ಅಂದರೆ ಬರೀ ಇಟ್ಟಿಗೆ. ರೂಟರನ್ನು ಯುಪಿಎಸ್‌ಗೆ ಹಾಕಿ, ವೈಫೈ ಬಿಟ್ಟು ಕೇಬಲ್‌ನಲ್ಲೇ ಅಪ್‌ಡೇಟ್ ಮಾಡಿ.

ಈಗ ಕೂಲಿಗೆ ತಕ್ಕ ಕೆಲಸ, ಅಂದರೆ ವರದಿ. ‘ಕನ್ನಡ ಸರಿಯಾಗಿ ಬರ್ತಿಲ್ಲ, ಸರಿಮಾಡಿ’ ಎಂಬುದು ಯಾರಿಗೂ ಉಪಯೋಗವಿಲ್ಲದ ವರದಿ. ಉಪಯೋಗದ ವರದಿ ಹೀಗಿರುತ್ತದೆ:

“ಟಿಪ್ಪಣಿ ಆ್ಯಪ್, ಆವೃತ್ತಿ 3.2.0-ಬೀಟಾ.1, ಆಂಡ್ರಾಯ್ಡ್ 14. ಹೊಸ ಟಿಪ್ಪಣಿ ತೆರೆದು ‘ಫೋನ್‌ನಲ್ಲಿ’ ಎಂದು ಬರೆದೆ. ಬರೆಯುವಾಗ ಸರಿಯಾಗಿ ಕಂಡಿತು. ಉಳಿಸಿ, ಮುಚ್ಚಿ, ಮತ್ತೆ ತೆರೆದೆ. ‘ಫೋನ್‌ನಲ್ಲಿ’ ಇರಬೇಕಿತ್ತು, ‘ಫೋನ್ನಲ್ಲಿ’ ಆಗಿದೆ. 5 ಸಲಕ್ಕೆ 5 ಸಲವೂ ಹೀಗೇ. 3.1ರಲ್ಲಿ ಈ ತೊಂದರೆ ಇರಲಿಲ್ಲ. ಇದೇ ಕೀಲಿಮಣೆಯಿಂದ ಎಸ್‌ಎಂಎಸ್‌ನಲ್ಲಿ ಬರೆದರೆ ಸರಿಯಾಗಿದೆ.”

ಈ ವಿವರಗಳು ಅರ್ಧ ರಿಪೇರಿ ಮಾಡಿಬಿಟ್ಟಿವೆ. ತಪ್ಪು ಕೀಲಿಮಣೆಯದಲ್ಲ, ಫಾಂಟ್‌ನದೂ ಅಲ್ಲ, ಉಳಿಸುವಾಗ ಆಗುತ್ತಿದೆ, 3.1ರ ನಂತರ ಹೊಕ್ಕಿದೆ. ಕಾರಣವನ್ನು ಊಹಿಸಬಹುದು: ‘ನ್’ ಮುಂದಿನ ‘ನ’ಕ್ಕೆ ಒತ್ತಾಗದಂತೆ ನಡುವೆ ಝೀರೋ ವಿಡ್ತ್ ನಾನ್ ಜಾಯಿನರ್ ಎಂಬ ಕಣ್ಣಿಗೆ ಕಾಣದ ಅಕ್ಷರ ಇರುತ್ತದೆ. ಇಂಗ್ಲಿಷ್ ಮಾತ್ರ ಬಲ್ಲ ಪ್ರೋಗ್ರಾಮರ್ ‘ಕಾಣದ ಕಸವನ್ನೆಲ್ಲ ಗುಡಿಸು’ ಎಂದು ಒಂದು ಸಾಲು ಸೇರಿಸಿದರೆ ಅದೂ ಗುಡಿಸಿಹೋಗುತ್ತದೆ. ‘ರ‍್ಯಾಂಕ್’ ಅರ್ಕಾವತ್ತಾಗಿ ‘ರ್ಯಾಂಕ್’ ಆಗುವುದೂ ಅಲ್ಲಿರಬೇಕಾದ ಜಾಯಿನರ್ ಕಳೆದಾಗ.

ಬರೆಯುವ ಯಾವುದೇ ಹೊಸ ಸಾಧನ ಸಿಕ್ಕಾಗ ಕನ್ನಡಿಗರು ಮೊದಲು ಹಾಕಿ ನೋಡಬೇಕಾದ ಪದಗಳು ಇವೇ ಎರಡು, ಜೊತೆಗೆ ‘ಸ್ತ್ರೀ’. ಸ, ್, ತ, ್, ರ, ೀ ಎಂದು ಅದರೊಳಗೆ 6 ಸಂಕೇತಗಳಿವೆ. ಬ್ಯಾಕ್‌ಸ್ಪೇಸ್ ಒಂದೊಂದಾಗಿ ಅಳಿಸುತ್ತದೆಯೋ, ಒಮ್ಮೆಗೇ ನುಂಗುತ್ತದೆಯೋ ನೋಡಿ. ಹೆಸರಿಗೆ 20 ಅಕ್ಷರದ ಮಿತಿ ಇಟ್ಟ ಆ್ಯಪ್ ಇದನ್ನು ಒಂದೆಂದು ಎಣಿಸುತ್ತದೆಯೋ ಆರೆಂದೋ ಎಂಬುದನ್ನೂ.

ತಯಾರಕರು ಲಾಗ್, ಅಂದರೆ ನಡೆದದ್ದನ್ನು ಫೋನ್ ತಾನೇ ಬರೆದಿಡುವ ದಾಖಲೆ, ಕೇಳಿದರೆ ಆಂಡ್ರಾಯ್ಡ್‌ನಲ್ಲಿ ‘ಅಬೌಟ್ ಫೋನ್’ ಒಳಗಿನ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿ. ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ, ಅಲ್ಲಿ ‘ಬಗ್ ರಿಪೋರ್ಟ್’ ಇದೆ. ತಪ್ಪು ನಡೆದ ಕೂಡಲೇ ತೆಗೆಯಬೇಕು, ತಡವಾದಷ್ಟೂ ಹಳೆಯ ಸಾಲುಗಳು ಅಳಿಯುತ್ತವೆ. ಆ ಜಿಪ್ ಕಡತದಲ್ಲಿ ನಿಮ್ಮ ಆ್ಯಪ್‌ಗಳ ಪಟ್ಟಿಯಂಥ ಖಾಸಗಿ ವಿವರಗಳೂ ಇರುತ್ತವೆ. ತಯಾರಕರಿಗೆ ನೇರವಾಗಿ ಕಳಿಸಿ, ಎಲ್ಲರೂ ನೋಡುವ ಕಡೆ ಹಾಕಬೇಡಿ.

ಜಾಲತಾಣಗಳ ರೂಪದಲ್ಲೇ ಇರುವ ಸಾಧನಗಳಿಗೆ ಆವೃತ್ತಿ ಸಂಖ್ಯೆಯೇ ಕಾಣುವುದಿಲ್ಲ, ನಿನ್ನೆ ಇದ್ದ ಗುಂಡಿ ಇವತ್ತು ಇಲ್ಲ. ವರದಿಯಲ್ಲಿ ದಿನಾಂಕ, ಗಂಟೆ, ಬ್ರೌಸರ್ ಹೆಸರು ಬರೆಯಿರಿ. ಇವುಗಳಲ್ಲಿ ತಪ್ಪಿಗಿಂತ ದೊಡ್ಡ ಅಪಾಯ ಅಂಗಡಿ ಮುಚ್ಚುವುದು. ಹಲವರು ಕೂಡಿ ಬರೆಯುವ ವೆಬ್ ಸಾಧನವಾಗಿದ್ದ ಗೂಗಲ್ ವೇವ್‌ಗೆ 2009ರ ಸೆಪ್ಟೆಂಬರ್ 30ರಿಂದ ಸುಮಾರು 1 ಲಕ್ಷ ಮಂದಿಗೆ ಆಹ್ವಾನ ಹೋಯಿತು, ಆಹ್ವಾನ ಸಿಗದವರು ಸಿಕ್ಕವರನ್ನು ಕಾಡಿದರು. 2010ರ ಆಗಸ್ಟ್‌ನಲ್ಲಿ ಅಭಿವೃದ್ಧಿ ನಿಲ್ಲಿಸುವ ಘೋಷಣೆ ಬಂತು, 2012ರ ಏಪ್ರಿಲ್ ಕೊನೆಗೆ ಎಲ್ಲ ಅಳಿಯಿತು. ಹೊಸ ವೆಬ್ ಸಾಧನಕ್ಕೆ ಖಾತೆ ತೆರೆದ ಮೊದಲ ಹತ್ತು ನಿಮಿಷದಲ್ಲೇ ಎರಡು ಸಾಲು ಬರೆದು ‘ಎಕ್ಸ್‌ಪೋರ್ಟ್’ ಒತ್ತಿ. ಹೊರಬಂದ ಕಡತ ಬೇರೆ ತಂತ್ರಾಂಶದಲ್ಲಿ ತೆರೆಯುತ್ತದೆಯೇ, ಕನ್ನಡ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿದೆಯೇ ಎಂದು ನೋಡಿ. ಎಕ್ಸ್‌ಪೋರ್ಟ್ ಇಲ್ಲದ ಕಡೆ ಆಟ ಆಡಬಹುದು, ಪಿಎಚ್‌ಡಿ ಟಿಪ್ಪಣಿ ಇಡಬಾರದು.

ಬೀಟಾ ಮುಗಿದು ಸ್ಥಿರ ಆವೃತ್ತಿ ಬಂದಾಗ ಪರೀಕ್ಷೆಯ ಪಟ್ಟಿಯಿಂದ ಹೆಸರು ತಾನಾಗಿ ಹೋಗುವುದಿಲ್ಲ. ಪಿಕ್ಸೆಲ್‌ನಲ್ಲಿ ಅಳಿಸದೆ ಹೊರಬರಲು ಇರುವ ಕಿಟಕಿ ಇದೊಂದೇ: ಸ್ಥಿರ ಆವೃತ್ತಿ ಹಾಕಿಕೊಂಡು, ಮುಂದಿನ ಬೀಟಾ ಇಳಿಯುವ ಮುನ್ನ ಹೆಸರು ತೆಗೆಸಿ, ಆಮೇಲೆ ಬರುವ ಆ ಡೌನ್‌ಗ್ರೇಡ್ ಅಪ್‌ಡೇಟನ್ನು ಮುಟ್ಟದೆ ಬಿಡಿ.