ಟೆಂಪೋ ಎಷ್ಟು ಅಂತ ಕೇಳಬೇಡಿ

ಹೊಸ ಯೋಜನೆಯ ಬಗ್ಗೆ ಊರಿನವರ ಮಾತು ಕೇಳುವ ಸಾರ್ವಜನಿಕ ಅಹವಾಲು ಸಭೆಗೆ ಇನ್ನೆರಡು ದಿನ ಅನ್ನುವಾಗ ಕುಮಟೆ ಕಡೆಯಿಂದಲೋ ಅಂಕೋಲೆ ಕಡೆಯಿಂದಲೋ ಫೋನ್ ಬರುತ್ತದೆ. "ಸರ್, ಆರು ಟೆಂಪೋ ಜನ ಆಗಿದ್ದಾರೆ. ಎಷ್ಟು ಜನ ಸೇರಿದ್ರೆ ಯೋಜನೆ ಬಿದ್ದು ಹೋಗ್ತದೆ?" ಆಕ್ಷೇಪಣೆಯ ಕಾಗದ ಎಷ್ಟಾಗಿದೆ ಅಂತ ನಾನು ಕೇಳುತ್ತೇನೆ. ಆ ಕಡೆ ಸದ್ದಿಲ್ಲ.

ಊರಿನವರಿಗೆ ಆಕ್ಷೇಪಣೆ ಬರೆದುಕೊಡುವುದು ನನ್ನ ಕಸುಬು. ಹೇಳಿ ಹೇಳಿ ಬಾಯಿ ಸವೆದಿದೆ, ಆದರೂ ಇನ್ನೊಮ್ಮೆ: ಅದು ಮತದಾನವಲ್ಲ, ಮಾರಾಯ್ರೆ. 2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆಯ ಪ್ರಕಾರ ನಡೆಯುವ ಈ ಸಭೆಗೆ ಕೋರಂ, ಅಂದರೆ ಇಂತಿಷ್ಟು ಜನ ಇರಲೇಬೇಕು ಅನ್ನುವುದೇ ಇಲ್ಲ. ಸಾವಿರ ಜನ ಬಂದರೂ ಸಭೆ, ಹತ್ತೇ ಜನ ಬಂದರೂ ಸಭೆ. ಮೇಲೆ ಕೂತ ಜಿಲ್ಲಾಧಿಕಾರಿಗಾಗಲಿ ಮಾಲಿನ್ಯ ನಿಯಂತ್ರಣ ಮಂಡಳಿಯವರಿಗಾಗಲಿ ಅಲ್ಲಿ ಯೋಜನೆಯನ್ನು ಒಪ್ಪುವ, ತಳ್ಳಿಹಾಕುವ ಅಧಿಕಾರವಿಲ್ಲ. ನೀವು ಹೇಳಿದ್ದನ್ನು ಬರೆದು, ವಿಡಿಯೋ ಮಾಡಿಸಿ ಮೇಲಕ್ಕೆ ಕಳಿಸುವುದಷ್ಟೇ ಅವರ ಕೆಲಸ. ಆದರೆ ಅಲ್ಲಿ ಎದ್ದ ಮುಖ್ಯ ಪರಿಸರ ಆಕ್ಷೇಪಗಳಿಗೆಲ್ಲ ಯೋಜನೆಯವರು ಉತ್ತರ ಕೊಡಬೇಕು, ಪರಿಸರ ಪರಿಣಾಮದ ಕರಡು ವರದಿಯನ್ನು ತಕ್ಕಂತೆ ತಿದ್ದಬೇಕು. 'ಧಿಕ್ಕಾರ'ಕ್ಕೆ ಯಾರು ಎಂತ ಉತ್ತರ ಕೊಡ್ತಾರೆ? 'ಸಾರ್ವಜನಿಕರು ವಿರೋಧಿಸಿದರು' ಅಂತ ಒಂದು ಸಾಲು ಬೀಳುತ್ತದೆ. ಬಹಿಷ್ಕರಿಸಿ ಎದ್ದು ನಡೆದರೆ ಬಹುಮಟ್ಟಿಗೆ ಅದೂ ಇಲ್ಲ.

ಬೀದಿಗಿಳಿಯಬೇಡಿ ಅಂತ ನಾನು ಹೇಳುತ್ತಿಲ್ಲ. ಕುಮಟೆ ಬಳಿಯ ತದಡಿಯ ಉಷ್ಣ ವಿದ್ಯುತ್ ಯೋಜನೆ ಕೈಬಿಟ್ಟದ್ದು ಜನ ಸುಮ್ಮನೆ ಮನೆಯಲ್ಲಿ ಕೂತಿದ್ದರಿಂದ ಅಲ್ಲ. ಎಲ್ಲ ಯೋಜನೆಗೂ ಇಂಥ ಸಭೆ ಕಡ್ಡಾಯವೂ ಅಲ್ಲ. ನಿಮ್ಮದು ಯಾವ ಪಟ್ಟಿಯಲ್ಲಿದೆ ಅಂತ ವಕೀಲರಲ್ಲಿ ಕೇಳಿಕೊಳ್ಳಿ. ಪಟ್ಟಣದ ಮಾಸ್ಟರ್ ಪ್ಲಾನ್ ಆದರೆ ದಾರಿಯೇ ಬೇರೆ. ಅಲ್ಲಿ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, ಆಕ್ಷೇಪಣೆಗೆ 60 ದಿನ.

ಅಘನಾಶಿನಿ ನದಿ ದಂಡೆಯ ಒಂದು ಸಭೆ ಮರೆಯಲಾರೆ. ಕರಡು ವರದಿಯಲ್ಲಿ ಗಜನಿಯನ್ನು, ಅಂದರೆ ಉಪ್ಪುನೀರು ನುಗ್ಗುವ ಗದ್ದೆಯನ್ನು, 'ಪಾಳು' ಅಂತ ಬರೆದಿದ್ದರು. ಸಮೀಕ್ಷೆಯವರು ಬಂದದ್ದು ಮಾರ್ಚ್‌ನಲ್ಲಿ. ಅವರ ಕಣ್ಣಿಗೆ ಬಿದ್ದದ್ದು ಉಪ್ಪುನೀರು, ಕೆಸರು, ನಾಲ್ಕು ಕೊಕ್ಕರೆ. ಅದೇ ನೀರಲ್ಲಿ ಜನ ಶೆಟ್ಲಿ (ಸೀಗಡಿ) ಹಿಡಿಯುತ್ತಾರೆ, ಮಳೆಗಾಲಕ್ಕೆ ಅಲ್ಲೇ ಕಗ್ಗ ಬೆಳೆಯುತ್ತಾರೆ. ಉಪ್ಪುನೀರು ನಿಂತರೂ ತಡೆಯುವ ಭತ್ತ ಅದು. ಕೊಯ್ಯುವುದು ತೆನೆಯನ್ನು ಮಾತ್ರ, ದಂಟು ನೀರಲ್ಲೇ ಉಳಿಯುತ್ತದೆ. ಮೈಕಿನಲ್ಲಿ ಮುಖಂಡರ ಭಾಷಣ ಒಂದಾದ ಮೇಲೊಂದು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು ಬಂದಳು. ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಒಂದು ಹಿಡಿ ಕಗ್ಗ ಸುರಿದಳು. "ಒಡ್ಯಾ, ಪಾಳು ಅಂದ್ರಲ್ಲ, ಇದು ಎಲ್ಲಿ ಬೆಳ್ದದ್ದು?" ಕೈಯಲ್ಲಿ ಸರ್ವೆ ನಂಬರಿನ ಚೀಟಿ. ಮೊಮ್ಮಗ ಬರೆದುಕೊಟ್ಟದ್ದಂತೆ, ಅಕ್ಷರ ಕಾಗೆ ಕಾಲು. ಅವತ್ತಿನ ಅಷ್ಟೂ ಮಾತಿನಲ್ಲಿ ಯೋಜನೆಯವರು ತಪ್ಪಿಸಿಕೊಳ್ಳಲಾಗದೆ ಉತ್ತರಿಸಬೇಕಾದದ್ದು ಆ ಚೀಟಿಗೆ.

ಇಂಥ ಚೀಟಿ ಬರೆಯಲು ಸಮಯವಿಲ್ಲ ಅನ್ನಬೇಡಿ. 30 ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಬಂದಿರುತ್ತದೆ. ವರದಿಯ ಸಾರಾಂಶ ಕನ್ನಡದಲ್ಲೇ ಸಿಗಬೇಕು. ಅದನ್ನು ತಂದು, ನಿಮ್ಮ ಗದ್ದೆ, ನಿಮ್ಮ ದೋಣಿ ಎಳೆಯುವ ಜಾಗ, ಮೀನು ಒಣಗಿಸುವ ಮರಳು ಅದರಲ್ಲಿ ಯಾವ ಹೆಸರಲ್ಲಿದೆ ನೋಡಿ. ತಪ್ಪಿದ್ದರೆ ಸರ್ವೆ ನಂಬರ್ ಹಾಕಿ ಬರೆಯಿರಿ, ಸಹಿ ಮಾಡಿ, ಸ್ವೀಕೃತಿ ಪಡೆಯಿರಿ. ಸಭೆಗೆ ಬರಲಾಗದಿದ್ದರೂ ಬರಹ ಕಳಿಸಬಹುದು.

ಇನ್ನೊಂದು, ಕೊನೆಯವರೆಗೆ ಕೂತಿರಿ. ಸಭೆಯಲ್ಲಿ ಆದ ಮಾತಿನ ನಡಾವಳಿಯನ್ನು ಅಲ್ಲೇ, ಅವತ್ತೇ ಓದಿ ತಿಳಿಸಬೇಕೆಂಬ ನಿಯಮವಿದೆ. ಅಘನಾಶಿನಿಯಲ್ಲಿ ಅದನ್ನು ಓದುವ ಹೊತ್ತಿಗೆ ಟೆಂಪೋಗಳೆಲ್ಲ ಹೋಗಿದ್ದವು. ಮುಂದಿನ ಸಾಲಿನಲ್ಲಿ ಅಜ್ಜಿ, ಪಕ್ಕದಲ್ಲಿ ನಿದ್ದೆಗಣ್ಣಿನ ಮೊಮ್ಮಗ. ಗುಮಾಸ್ತರು "ಭತ್ತ ಬೆಳೆಯುವುದಾಗಿ ತಿಳಿಸಿದರು" ಅಂತ ಓದಿದರು. ಆಕೆ ಕೈ ಅಡ್ಡ ಹಿಡಿದಳು. "ಭತ್ತ ಅಲ್ಲ, ಕಗ್ಗ. ಹೊಡ್ದು ಬರೀರಿ." ಬರೆದರು.