ಶಾಂತಾ ರಂಗಸ್ವಾಮಿ ತಲೆಮಾರಿನ ಬ್ಲೇಜರು, ಬ್ಯಾಟುಗಳು ಬೀರುವಿನಲ್ಲೇ ಉಳಿದದ್ದೇಕೆ?

1976ರ ಅಕ್ಟೋಬರ್ 31ರಂದು ಈಗಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್‌ಗೆ ಇಳಿದರು. ಎದುರಾಳಿ ವೆಸ್ಟ್ ಇಂಡೀಸ್, ನಾಯಕಿ ಬೆಂಗಳೂರಿನ ಶಾಂತಾ ರಂಗಸ್ವಾಮಿ. ಅದೇ ಸರಣಿಯಲ್ಲಿ ಪಟ್ನಾದಲ್ಲಿ ಮೊದಲ ಗೆಲುವು ಬಂತು. 1977ರ ಜನವರಿಯಲ್ಲಿ ನ್ಯೂಜಿಲೆಂಡಿನ ಡನೆಡಿನ್‌ನಲ್ಲಿ ಶಾಂತಾ 108 ಹೊಡೆದರು. ಭಾರತದ ಮಹಿಳೆಯೊಬ್ಬರ ಮೊದಲ ಟೆಸ್ಟ್ ಶತಕ ಅದು. ಅಲ್ಲಿಂದ ತಂಡ ಪರ್ತ್‌ಗೆ ಹೋಯಿತು. ಇಷ್ಟೆಲ್ಲ ನಡೆದದ್ದು ಮೂರೇ ತಿಂಗಳೊಳಗೆ.

ಆ ಪ್ರವಾಸಗಳ ಸ್ಕೋರುಗಳು ದಾಖಲೆಯಲ್ಲಿವೆ. ಆಟಗಾರ್ತಿಯರು ಏನು ತೊಟ್ಟರು, ಯಾರ ಹಸ್ತಾಕ್ಷರ ಪಡೆದರು, ಯಾವ ಪತ್ರಿಕೆ ಏನು ಬರೆಯಿತು ಎಂಬುದನ್ನೆಲ್ಲ ಹುಡುಕಬೇಕಾದದ್ದು ಮಾತ್ರ ಮನೆಗಳ ಬೀರುಗಳಲ್ಲಿ. ಕಾರಣ ಸರಳ. 1973ರಲ್ಲಿ ಹುಟ್ಟಿದ ಮಹಿಳಾ ಕ್ರಿಕೆಟ್ ಸಂಸ್ಥೆ ಬಿಸಿಸಿಐ ಜೊತೆ ಸೇರಿದ್ದು 2006ರಲ್ಲಿ. ನಡುವಿನ 33 ವರ್ಷ ಪ್ರವಾಸದ ಖರ್ಚಿಗೇ ಹಣ ಹೊಂದಿಸುವುದು ಕಷ್ಟವಾಗಿತ್ತು. ಮೀಸಲಿಲ್ಲದ ರೈಲು ಬೋಗಿಯಲ್ಲಿ ಊರೂರು ಸುತ್ತಿ ಆಡಿದವರ ಪರವಾಗಿ ನೆನಪಿನ ವಸ್ತು ಜೋಪಾನ ಮಾಡುವವರು ಯಾರು? 1976ರ ಅರ್ಜುನ ಪ್ರಶಸ್ತಿ ಪಡೆದ ಶಾಂತಾಗೆ ಬಿಸಿಸಿಐನ ಜೀವಮಾನ ಸಾಧನೆ ಪ್ರಶಸ್ತಿ ಸಂದದ್ದು 2017ರಲ್ಲಿ. ಅಷ್ಟು ತಡವಾದದ್ದು ನಾಚಿಕೆಗೇಡು.

ಹೀಗಾಗಿ ಜೋಪಾನದ ಹೊಣೆ ಈಗಲೂ ಮನೆಯವರದೇ. ಬೆಂಗಳೂರಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗಿನ ತೇವವೇ ದೊಡ್ಡ ಶತ್ರು. ಸ್ನಾನದ ಮನೆಗೆ ತಾಗಿದ ಗೋಡೆಯ ಬೀರು ಬೇಡ, ಬಿಸಿಲಿಗೆ ಕಾಯುವ ಅಟ್ಟವೂ ಬೇಡ.

ಉಣ್ಣೆಯ ಬ್ಲೇಜರ್‌ಗೆ ನುಸಿ ಹಿಡಿಯುತ್ತದೆ. ಅದರ ಮರಿಹುಳು ಮೊದಲು ತಿನ್ನುವುದು ಬೆವರು, ಊಟದ ಕಲೆ ಇರುವ ಕಾಲರ್ ಮತ್ತು ಕಂಕುಳ ಭಾಗವನ್ನು. ತೂತು ಕಂಡರೆ ಬ್ಲೇಜರನ್ನು ಪಾಲಿಥೀನ್ ಚೀಲದಲ್ಲಿ ಗಾಳಿ ಹೊರಹಾಕಿ ಮುಚ್ಚಿ, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ಬಿಚ್ಚಿದರೆ ತಣ್ಣನೆಯ ಬಟ್ಟೆಯ ಮೇಲೆ ನೀರು ಕೂತು ಬೂಷ್ಟು ಹಿಡಿಯುತ್ತದೆ. ನಂತರ ಪ್ಲಾಸ್ಟಿಕ್ ಕವರಿನಲ್ಲಿಡದೆ, ಒಗೆದು ಗಂಜಿ ತೆಗೆದ ಕೋರಾ ಬಟ್ಟೆಯಲ್ಲಿ ಸುತ್ತಿಡಿ. ನುಸಿಗುಳಿಗೆ ಕೆಲವು ಪ್ಲಾಸ್ಟಿಕ್ ಬ್ಯಾಡ್ಜ್‌ಗಳನ್ನು ಮೆತ್ತಗಾಗಿಸುತ್ತದೆ, ಹಸಿ ಬೇವಿನ ಸೊಪ್ಪು ಕಲೆ ಬಿಡುತ್ತದೆ. ಎರಡನ್ನೂ ಬಟ್ಟೆಗೆ ತಾಗಿಸಬೇಡಿ.

ಹಸ್ತಾಕ್ಷರದ ಬ್ಯಾಟಿಗೆ ಲಿನ್ಸೀಡ್ ಎಣ್ಣೆ ಸವರುವ ಹಳೆಯ ಅಭ್ಯಾಸ ಇಲ್ಲಿ ಕೂಡದು. ಶಾಯಿ ಹರಡುತ್ತದೆ, ಮರ ಕಪ್ಪಾಗುತ್ತದೆ. ಬಿಸಿಲು ಬೀಳದಂತೆ ಇಟ್ಟರೆ ಸಾಕು.

ಪತ್ರಿಕೆಯ ತುಣುಕುಗಳೇ ಎಲ್ಲಕ್ಕಿಂತ ಬೇಗ ಹಾಳಾಗುವವು. ಅಗ್ಗದ ಕಾಗದದೊಳಗಿನ ಆಮ್ಲವೇ ಅದನ್ನು ಹಳದಿಯಾಗಿಸಿ ಮುರಿಯುತ್ತದೆ. ಲ್ಯಾಮಿನೇಟ್ ಮಾಡಿಸಿದರೂ ಅದು ನಿಲ್ಲುವುದಿಲ್ಲ, ಮತ್ತೆ ಬಿಡಿಸಲೂ ಆಗುವುದಿಲ್ಲ. ಸೆಲ್ಲೋಟೇಪಿನ ಅಂಟು ಕಂದು ಕಲೆ ಬಿಡುತ್ತದೆ. ಮೊದಲು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಆಮೇಲೆ ಆಮ್ಲರಹಿತ ಕಾಗದದ ನಡುವೆ ಚಪ್ಪಟೆಯಾಗಿ ಇಡಿ. ಪತ್ರಿಕೆಯ ಹೆಸರು, ತಾರೀಖು ಕತ್ತರಿಸಿ ಹೋಗಿದ್ದರೆ ಗ್ರಂಥಾಲಯದ ಹಳೆಯ ಸಂಚಿಕೆಗಳಲ್ಲಿ ಹುಡುಕಿ ಬರೆದಿಡಿ. ತಾರೀಖಿಲ್ಲದ ತುಣುಕು ಅರ್ಧ ದಾಖಲೆ.

ಆ ಕಾಲದ ಬಣ್ಣದ ಫೋಟೊಗಳು ಕೆಂಪಗಾಗಿರುತ್ತವೆ. ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಬರೆದರೆ ಒತ್ತು ಮುಂಬದಿಗೂ ಮೂಡುತ್ತದೆ. ಫೋಟೊ ಹಾಕುವ ಮೊದಲೇ ಲಕೋಟೆಯ ಮೇಲೆ ಪೆನ್ಸಿಲಿನಿಂದ ಊರು, ವರ್ಷ, ಎಡದಿಂದ ಬಲಕ್ಕೆ ನಿಂತವರ ಹೆಸರು ಬರೆಯಿರಿ. ಆಡಿದವರನ್ನೇ ಕೂರಿಸಿಕೊಂಡು ಕೇಳಿ, ಈ ತಿಂಗಳೇ ಕೇಳಿ.